ಬಾಣಬಿರುಸಿನ ಕೆಳಗಿನ ಗೆರೆ

ಹಾಸ್ಟೆಲ್, ಮೇಲಿನ ಮಹಡಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಕೆಮ್ಮು ಇಳಿಯಿತಾ? ಡಾಕ್ಟರು ಹೊಗೆ ಬೇಡ ಅಂದದ್ದಕ್ಕೆ ನೀನು ನಕ್ಕೆಯಂತೆ. ನನಗೆ ನಗು ಬರಲಿಲ್ಲ. ನಾನು ಚೆನ್ನಾಗಿದ್ದೇನೆ. ಅಂದರೆ ಊಟ ಸೇರುತ್ತದೆ, ನಿದ್ದೆ ಅಷ್ಟಕ್ಕಷ್ಟೆ. “ಅಪ್ಪ ಆಕಾಶಕ್ಕೇ ಬೆಂಕಿ ಹಚ್ತಾರೆ, ಮಗಳು ನೋಡಿದ್ರೆ ಠುಸ್ ಪಟಾಕಿ” ಅಂತ ರೂಮ್‌ಮೇಟ್ ರೇಗಿಸುತ್ತಾಳೆ. ಫೋನಿನಲ್ಲಿ ಏನು ಹೇಳಿದರೂ ನೀನು “ಆಯ್ತು ಮರಿ” ಅಂತ ಕಟ್ ಮಾಡುತ್ತೀಯ, ಅದಕ್ಕೇ ಕಾಗದ. ಟೆನ್ಶನ್ ಆದರೆ ನನಗೆ ಇಂಗ್ಲಿಷು ನುಗ್ಗುತ್ತದೆ, ಅಡ್ಜಸ್ಟ್ ಮಾಡಿಕೋ.

ಕಳೆದ ವಾರ ನಮ್ಮ ಕಾಲೇಜು ಮೈದಾನದಲ್ಲಿ ನೀನು ಬಾಣಬಿರುಸು ಹಾರಿಸಿದಾಗ ತೆಗೆದ ಫೋಟೋಗಳು ಕವರಿನಲ್ಲಿವೆ. ಹೊಸ ಗಿರಾಕಿಗಳಿಗೆ ತೋರಿಸಬೇಕು ಅಂದಿದ್ದೆಯಲ್ಲ. ಮುಂದಿನ ಊರಿನಲ್ಲಿ ಚಿಕ್ಕಪ್ಪನೇ ತೆಗೆಯುತ್ತಾನಂತೆ. ಅವನ ಫೋಟೋದಲ್ಲಿ ಬರೀ ಹೊಗೆ, ಇಲ್ಲದಿದ್ದರೆ ಅವನ ಹೆಬ್ಬೆರಳು. ಇಷ್ಟನ್ನು ಅವನಿಗೆ ಓದಿ ಹೇಳು. ಕ್ಯಾಮೆರಾ ಕೈಯಲ್ಲಿ ಹಿಡಿಯಬಾರದು, ಟ್ರೈಪಾಡ್ ಬೇಕೇ ಬೇಕು. ಮರೆತು ಬಂದರೆ ಗೋಡೆಯ ಮೇಲೆ ಮರಳಿನ ಚೀಲವಿಟ್ಟು ಕೂರಿಸಲಿ. ಫ್ಲ್ಯಾಶ್ ಆಫ್ ಇರಲಿ, ಅದು ಆಕಾಶಕ್ಕೆ ತಲುಪುವುದಿಲ್ಲ, ಎದುರಿನ ಹೊಗೆಯನ್ನಷ್ಟೇ ಬೆಳ್ಳಗೆ ಮಾಡುತ್ತದೆ. ಗಾಳಿ ಬೆನ್ನಿಗೆ ಬೀಸುವ ಹಾಗೆ ನಿಲ್ಲಲಿ. ಮೊದಲೇ ದೂರದ ದೀಪವೊಂದಕ್ಕೆ ಫೋಕಸ್ ಹೊಂದಿಸಿ, ಆಟೋ ತೆಗೆದುಬಿಡಲಿ. ಬಾಣ ಏರುವ ಸದ್ದು ಕೇಳಿದೊಡನೆ ಶಟರ್ ತೆರೆದು, ಬೆಳಕಿನ ಹೂವು ಬಾಡಿದ ಮೇಲೆ ಮುಚ್ಚಲಿ. ಅಷ್ಟು ಹೊತ್ತೂ ಉಸಿರು ಬಿಗಿಹಿಡಿಯುವುದು ನನ್ನ ಚಟ, ಅವನಿಗೆ ಕಡ್ಡಾಯವಲ್ಲ. ಮೊದಲ ಬಾಣಗಳ ಫೋಟೋ ತಪ್ಪಿಸಿಕೊಳ್ಳಬಾರದು, ಆಮೇಲೆ ಹೊಗೆ ಕವಿಯುತ್ತದೆ.

ಹೆಬ್ಬೆರಳಿನ ವಿಷಯ ಅವನಿಗೆ ಓದಬೇಡ, ಮುನಿಸಿಕೊಳ್ಳುತ್ತಾನೆ. ಅಮ್ಮನಿಗೆ ಫೋನ್ ಮಾಡು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಪುಟ್ಟಿ

ತಾ.ಕ.: ಕೊನೆಯ ಫೋಟೋ ನೀನೊಬ್ಬನೇ ನೋಡು. ಎಲ್ಲ ಮುಗಿಯಿತೆಂದು ಚಪ್ಪಾಳೆ ತಟ್ಟುವ ಭರದಲ್ಲಿ ನಾನು ಶಟರ್ ಮುಚ್ಚಲು ಮರೆತಿದ್ದೆ. ಮೇಲಿನ ಹೂವು ಬೇಡ, ಕೆಳಗೆ ನೋಡು. ಅಷ್ಟು ಹೊತ್ತೂ ನಿನ್ನ ಹಣೆಯ ಕೆಂಪು ಟಾರ್ಚು ಹೋದಲ್ಲೆಲ್ಲ ಗೆರೆ ಎಳೆದಿದೆ. ಗೆರೆ ಬಾಣ ಹಾರಿಸುವ ಕೊಳವೆಗಳಿಂದ ದೂರ ಬಂದಿದೆ, ಸರಿ. ಆಮೇಲೆ ತಿರುಗಿ ಒಂದು ಕೊಳವೆಯ ಬಾಯಿಗೇ ಹೋಗಿದೆ. ಅಲ್ಲಿ ಗೆರೆ ದಪ್ಪ ಚುಕ್ಕಿಯಾಗಿದೆ. ನೀನು ಅಲ್ಲೇ ನಿಂತು ಬಗ್ಗಿ ನೋಡುತ್ತಿದ್ದೆ, ಅಲ್ಲವಾ? ಹಾರದೆ ಉಳಿದ ಬಾಣದ ಹತ್ತಿರ ಸುಳಿಯಬೇಡಿ ಎಂದು ಹೊಸಬರಿಗೆಲ್ಲ ಬೈಯುವವನು ನೀನೇ. ಅಮ್ಮನಿಗೆ ಇನ್ನೂ ತೋರಿಸಿಲ್ಲ. ಮುಂದಿನ ಊರಿನಲ್ಲೂ ಕೊನೆಗೆ ಒಂದು ಫೋಟೋ, ನೆಲವೂ ಕಾಣುವ ಹಾಗೆ, ಶಟರ್ ಮುಚ್ಚದೆ ತೆಗೆದು ನನಗೆ ಕಳಿಸಲು ಚಿಕ್ಕಪ್ಪನಿಗೆ ಹೇಳು. ಅದರಲ್ಲಿ ಗೆರೆ ಬರುವುದಷ್ಟೇ ಇರಬೇಕು ಅಪ್ಪಾ, ಮತ್ತೆ ಕೊಳವೆಯ ಹತ್ತಿರ ಹೋಗಿರಬಾರದು.