ಮೇಲಿನ ಸಾಲು, ಕೆಳಗಿನ ಸಾಲು

ಯರಗಟ್ಟಿ
೧೬ ಜನವರಿ ೨೦೨೬, ಶುಕ್ರವಾರ

ಪ್ರೀತಿಯ ಪ್ರಜ್ಞಾ,

ಈಗ ಮಧ್ಯಾಹ್ನ ನಾಲ್ಕು ಗಂಟೆ. ಬೆಳಿಗ್ಗೆಯಿಂದ ಎರಡು ಸೀರೆಗೆ ಫಾಲ್ ಹಚ್ಚಿದೆ, ಒಂದು ಜಂಪರಿನ ತೋಳು ತಿರುವಿ ಜೋಡಿಸಿ ಮತ್ತೆ ಬಿಚ್ಚಿದೆ. ಊಟಕ್ಕೆ ಮನೆಗೆ ಹೋಗಲಿಲ್ಲ. ನಿನ್ನೆ ಸಂಕ್ರಾಂತಿಗೆ ಮಾಡಿದ ಸಜ್ಜೆ ರೊಟ್ಟಿ ಡಬ್ಬಿಯಲ್ಲಿ ಹಾಗೇ ಇದೆ. ಅಂಗಡಿಯ ಶಟರ್ ಅರ್ಧ ಇಳಿಸಿಕೊಂಡು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ. ನಡುವೆ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಯಾರೂ ಬಂದಿರಲಿಲ್ಲ.

ದಸರೆಯ ಹೊತ್ತಿಗೆ ನೀನು ಬರೆದ ಪತ್ರಕ್ಕೆ ಸಂಕ್ರಾಂತಿ ಮುಗಿದ ಮೇಲೆ ಉತ್ತರ ಬರೆಯುವವಳಿಗೆ ಏನೆನ್ನಬೇಕೋ ಅದನ್ನೆಲ್ಲ ಅಂದುಬಿಡು, ಕೇಳಿಸಿಕೊಳ್ಳುತ್ತೇನೆ. ನಮ್ಮ ತವರೂರಿನ ಕಾಂತೇಶ ರಾಮದುರ್ಗದ ಬಸ್ಸಿಗೆ ಕಂಡಕ್ಟರ್ ಆಗಿರುವುದರಿಂದ ಮರೆಯಲಿಕ್ಕೂ ಬಿಡಲಿಲ್ಲ. ಬಸ್ಸು ಸ್ಟ್ಯಾಂಡಿಗೆ ಬಂದಾಗಲೆಲ್ಲ ಫುಟ್‌ಬೋರ್ಡಿನಿಂದಲೇ ಕೂಗುತ್ತಾನೆ: "ರೇಣಕ್ಕಾ, ರಾಮದುರ್ಗದ ದವಾಖಾನಿ ಸಿಸ್ಟರ್ ಕೇಳಾಕತ್ತಾರ. ನೀ ಬರೀತಿಯೋ, ಇಲ್ಲಾ ತಿಕೀಟಿನ ಹಿಂದ ನಾನ ಏನರ ಗೀಚಿ ಕೊಡ್ಲೋ?"

ಡೈರಿ ಬರೆಯುವುದು ಬಿಟ್ಟಿಲ್ಲ. ಆದರೆ ಡೈರಿ ಹೇಳಿದ್ದನ್ನು ಕೇಳುತ್ತದೆ, ತಿರುಗಿ ಏನೂ ಹೇಳುವುದಿಲ್ಲ. ಇವತ್ತು ನನಗೆ ತಿರುಗಿ ಹೇಳುವವರು ಬೇಕು. ಫೋನ್ ಮಾಡಬಹುದಿತ್ತು. ಮಾಡಿದರೆ ಅತ್ತುಬಿಡುತ್ತೇನೆ, ಪಕ್ಕದ ಬೇಕರಿಯವರಿಗೆ ಕೇಳಿಸುತ್ತದೆ.

ಮೊದಲು ಸುದ್ದಿ ಹೇಳುತ್ತೇನೆ. ನೀನು ನಮ್ಮ ಹತ್ತನೇ ತರಗತಿಯವರ ಗ್ರೂಪಿನಲ್ಲಿ ಎರಡು ದಿನ ಇದ್ದು, ನೈಟ್ ಡ್ಯೂಟಿ ಮುಗಿಸಿ ಮಲಗಿದವಳಿಗೆ ಇವರ ಗದ್ದಲ ಸಾಕಾಗಿ ಹೊರಬಿದ್ದೆ. ಆಮೇಲೆ ಬಹಳ ಆಗಿದೆ. ಇಪ್ಪತ್ತೈದನೇ ತಾರೀಕು ಭಾನುವಾರ ಚಚಡಿಯಲ್ಲಿ ನಮ್ಮ ಶಾಲೆಯ ಅಂಗಳದಲ್ಲೇ ಗುರುವಂದನೆ. ನಿಜಗುಣಪ್ಪ ತನ್ನನ್ನು ತಾನೇ ಅಧ್ಯಕ್ಷನನ್ನಾಗಿ ಮಾಡಿಕೊಂಡಿದ್ದಾನೆ. ಇಲ್ಲಿಯೇ ಅವನ ಗೊಬ್ಬರದ ಅಂಗಡಿ, ಮೀಟಿಂಗುಗಳೆಲ್ಲ ಯೂರಿಯಾ ಚೀಲಗಳ ಮೇಲೆ. ಸೋಮವ್ವ ಕಿತ್ತೂರಿನಲ್ಲಿ ಖಾನಾವಳಿ ನಡೆಸುತ್ತಾಳೆ, ಅಡುಗೆಯ ಉಸ್ತುವಾರಿ ಅವಳದು. ಗಣಿತದ ಪಿರಿಯಡ್ಡಿನಲ್ಲಿ ದಿನಾ ಹೊರಗೆ ನಿಲ್ಲುತ್ತಿದ್ದವಳು, ಈಗ ಒಂದು ಹೋಳಿಗೆಗೆ ಎಷ್ಟು ಬೇಳೆ ಎಂದು ನಿಜಗುಣಪ್ಪನಿಗೇ ಲೆಕ್ಕ ಹೇಳಿಕೊಟ್ಟಳು. ನಮ್ಮ ತರಗತಿಯ ಗಂಡಸರು ಸಿಕ್ಕಾಗ ಮೊದಲ ಮಾತಿಗೆ "ಹೆಂಗದೀರಿ" ಅನ್ನುತ್ತಾರೆ, ಎರಡನೆಯದಕ್ಕೆ "ಹೆಂಗದಿ", ಮೂರನೆಯದಕ್ಕೆ ಶಾಲೆಯ ಅಡ್ಡಹೆಸರು. ನಿನ್ನನ್ನು ಈಗಲೂ "ಪೆನ್ಸಿಲ್" ಎಂದೇ ಕೇಳುತ್ತಾರೆ.

ನೀನು ಗ್ರೂಪಿನಿಂದ ಹೊರಗೆ ಹೋದ ಮರುವಾರ ಒಂದು ಸಂಗತಿ ನಡೆಯಿತು. ಇಲ್ಲಿಯವರೆಗೂ ನಿನಗೆ ಬರೆಯಲಾಗದೇ ಇದ್ದದ್ದು ಅದರಿಂದಲೇ.

ಬೆಳಿಗ್ಗೆ ಚಹಾ ಸೋಸುತ್ತಿದ್ದೆ. ಫೋನ್ ಸದ್ದಾಯಿತು. ಗ್ರೂಪಿನಲ್ಲಿ ಒಂದು ಸೂರ್ಯಕಾಂತಿ ಹೂವಿನ ಚಿತ್ರ, ಕೆಳಗೆ "ಶುಭೋದಯ". ಕಳಿಸಿದವರ ಹೆಸರು: ಸಾಗರ ತಮ್ಮ.

ಪ್ರಜ್ಞಾ, ಆ ಹೆಸರನ್ನು ನನ್ನ ಫೋನಿನಲ್ಲಿ ಬರೆದಿಟ್ಟವಳು ನಾನೇ. ನಮ್ಮ ಜೊತೆಗೇ ಓದಿದ ನನ್ನ ತಮ್ಮ ಕಾಣೆಯಾಗಿ ಹನ್ನೊಂದು ವರ್ಷ. ಮಹಾರಾಷ್ಟ್ರದ ಚಿಪಳೂಣ ಕಡೆ ರಸ್ತೆ ಕೆಲಸಕ್ಕೆ ಜೆಸಿಬಿ ಓಡಿಸಲಿಕ್ಕೆ ಹೋದವನು, ದೀಪಾವಳಿಗೆ ಬರುತ್ತೇನೆಂದು ಫೋನ್ ಮಾಡಿದವನು, ಬರಲಿಲ್ಲ. ಊರಿಗೆಂದೇ ಹೊರಟನು ಎಂದರು ಅಲ್ಲಿಯವರು. ಅಪ್ಪ ಹೋಗಿ ಪೊಲೀಸರಲ್ಲಿ ಬರೆಸಿ ಬಂದ, ಮತ್ತೊಮ್ಮೆ ಹೋಗಿ ಹುಡುಕಿ ಬಂದ, ಆಮೇಲೆ ತಾನೇ ಹಾಸಿಗೆ ಹಿಡಿದು ಹೋದ. ನಾನು ಆ ನಂಬರಿಗೆ ಹಚ್ಚಿ ಹಚ್ಚಿ, ಅದು ಚಾಲ್ತಿಯಲ್ಲಿಲ್ಲ ಎಂಬ ಹೆಂಗಸಿನ ದನಿ ಕೇಳಿ ಕೇಳಿ, ಒಂದು ದಿನ ಬಿಟ್ಟೆ. ಅಳಿಸಲಿಲ್ಲ.

ಸೂರ್ಯಕಾಂತಿಯ ಕೆಳಗೆ ಎಲ್ಲರೂ ಬರೆಯತೊಡಗಿದರು. "ಲೇ ಸಾಗ್ಯಾ, ಎಲ್ಲಿದ್ಯೋ ಮಗನ?" "ಊರಿಗೆ ಬಾ, ಬಡೀತೇನಿ ನಿನ್ನ." ಆ ಕಡೆಯಿಂದ ಬಂದದ್ದು ಜೋಡಿಸಿದ ಎರಡು ಕೈ. ನಾನು ಚಹಾದ ಪಾತ್ರೆ ಕೈಯಲ್ಲಿ ಹಿಡಿದೇ ಅವ್ವನ ಕಡೆ ಓಡಿದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಯವ್ವಾ, ಸಾಗರ ಬಂದಾನ" ಎಂದೆ. ಅವ್ವ ತಲೆ ಎತ್ತಲಿಲ್ಲ. "ಅಂವಲ್ಲ ಬಿಡವಾ" ಎಂದಳು. ಮೊರವೂ ನಿಲ್ಲಲಿಲ್ಲ. ಅವತ್ತು ಅವಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಇಡೀ ದಿನ ಮಾತಾಡಿಸಲಿಲ್ಲ.

ಫೋನ್ ಹಚ್ಚಿದೆ. ರಿಂಗಾಯಿತು. ಎತ್ತಿದವರು ವಯಸ್ಸಾದ ಗಂಡಸು. "ಯಾರ್ರೀ ತಂಗಿ? ನಾ ಗದಗಿಂದ ಸಿದ್ದರಾಮ ಮಾತಾಡೂದು. ಹೊಸಾ ಸಿಮ್ ತಗೊಂಡ್ರ ಈ ನಂಬರ ಕಂಪನಿಯವರ ಕೊಟ್ಟಾರ. ನಿಮ್ಮ ಗ್ರೂಪಿನಾಗ ನನ್ನ ಯಾರ ಹಾಕ್ಯಾರೋ ತಿಳೀವಲ್ದು. ಬೈದ್ರೂ ಪ್ರೀತೀಲೆ ಬೈತೀರಿ, ಮನ್ಯಾಗ ಒಬ್ಬನ ಇರ್ತೇನಿ, ಹೊತ್ತ ಹೋಗತೈತಿ. ತ್ರಾಸ ಆದ್ರ ಬಿಡತೇನ್ರಿ."

"ಇರ್ರಿ" ಎಂದೆ. ನಿಜಗುಣಪ್ಪ ಯಾರದೋ ಹಳೆಯ ಫೋನಿನಿಂದ ನಂಬರುಗಳನ್ನು ತೆಗೆದು ಸೇರಿಸಿದ್ದನಂತೆ. ನಿಜ ತಿಳಿದ ಮೇಲೆ ಎಲ್ಲರೂ ಸುಮ್ಮನಾದರು. ಆ ಹಿರಿಯರು ಮಾತ್ರ ದಿನಾ ಒಂದು ಹೂ ಕಳಿಸುತ್ತಾರೆ. ದಿನಾ ನನ್ನ ಫೋನಿನಲ್ಲಿ ನನ್ನ ತಮ್ಮನ ಹೆಸರಿನ ಕೆಳಗೆ ಬೆಳಗಾಗುತ್ತದೆ. ತಿದ್ದಬೇಕು ಎಂದುಕೊಳ್ಳುತ್ತೇನೆ. ತಿದ್ದಿಲ್ಲ.

ಈಗ ಇವತ್ತಿನದು. ಒಂದು ಗಂಟೆಯ ಹೊತ್ತಿಗೆ ನಿಜಗುಣಪ್ಪ ಅಂಗಡಿಗೆ ಬಂದ. "ಬಿಜಿ ಅದೀರೇನ್ರಿ ಟೇಲರ್ ಬಾಯಿ" ಎಂದು ಎಂದಿನ ಹಾಗೆ ಶುರು ಮಾಡಿದ. ಕೂತ ಮೇಲೆ ಫೋನ್ ತೆಗೆದು ಮುಂದೆ ಹಿಡಿದ. ಗುರುವಂದನೆಯ ಫ್ಲೆಕ್ಸಿನ ನಮೂನೆ. ಎಲ್ಲಕ್ಕೂ ಮೇಲೆ ಗುರುಗಳು. ನಡುವೆ ನಾವೆಲ್ಲ, ಒಬ್ಬೊಬ್ಬರದು ಒಂದೊಂದು ಗುಂಡನೆಯ ಫೋಟೋ. ಕೆಳಗೆ ಒಂದು ಸಾಲು, ಆ ಕಡೆ ಈ ಕಡೆ ದೀಪದ ಚಿತ್ರ, "ನಮ್ಮನ್ನು ಅಗಲಿದ ಗೆಳೆಯರು". ಅಲ್ಲಿ ಬಾಯವ್ವ ಇದ್ದಾಳೆ, ಮೊದಲ ಹೆರಿಗೆಯಲ್ಲಿ ಹೋದವಳು. ಅವಳ ಪಕ್ಕ ಇನ್ನಿಬ್ಬರು.

"ರೇಣು, ಹಿಂಗ ಕೇಳಬಾರದು. ಕೇಳದ ಬಿಟ್ರೂ ಆಗೂದಿಲ್ಲ" ಎಂದ. "ನಮ್ಮ ಸಾಗ್ಯಾನ ಫೋಟೋ ಮ್ಯಾಲ ನಮ್ಮ ಕೂಡ ಹಾಕೂಣೋ, ಕೆಳಗ ಹಾಕೂಣೋ?"

ನನ್ನ ಕೈಯಲ್ಲಿ ಕತ್ತರಿ ಇತ್ತು. ಅದನ್ನು ಮೇಜಿನ ಮೇಲಿಟ್ಟೆ, ಮತ್ತೆ ಎತ್ತಿಕೊಂಡೆ.

"ಬ್ಯಾರೆ ಇನ್ನೊಂದು ಸಾಲು ಮಾಡಸಾಕ ಬರೂದಿಲ್ಲೇನು?" ಎಂದೆ.

"ಬರತೈತಿ. ಅದರ ಮ್ಯಾಲ ಏನಂತ ಬರಸಲಿ, ನೀನ ಹೇಳವಾ."

"ಹಂಗಾರ ಬಿಟ್ಟ ಬಿಡು ಅವನ್ನ" ಎಂದೆ.

"ಬಿಡೂದಿಲ್ಲ" ಎಂದ ನಿಜಗುಣಪ್ಪ. "ಒಂದ ಬೆಂಚಿನಾಗ ಕುಂತೀವಿ. ಅಂವನ ಬಿಟ್ಟು ನನ್ನ ಮಾರಿ ದೊಡ್ಡದ ಮಾಡಿ ಹಾಕಿಸಿಕೊಳ್ಳಲೇನು?" ಬೈಲಹೊಂಗಲದ ಪ್ರೆಸ್ಸಿನವನು ನಾಳೆ ಸಂಜೆಗೆ ಅಚ್ಚಿಗೆ ಹಾಕುತ್ತಾನಂತೆ. ನಾಳೆ ಮೂರು ಗಂಟೆಗೆ ಬರುತ್ತೇನೆ, ಹೇಳು, ಒಂದು ಛಲೋ ಫೋಟೋ ಕೊಡು ಎಂದು ಎದ್ದುಹೋದ. ಚಹಾ ಕೂಡ ಕುಡಿಯಲಿಲ್ಲ.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಾನು ಸಾಗರನಿಗಿಂತ ದೊಡ್ಡವಳಾಗಿಯೂ ಒಂದೇ ತರಗತಿಯಲ್ಲಿ ಹೇಗಿದ್ದೆ ಎಂದು ನೀನೊಮ್ಮೆ ಕೇಳಿದ್ದೆ. ತಮ್ಮ ದೊಡ್ಡವನಾಗಲಿ, ಇಬ್ಬರೂ ಕೈಹಿಡಿದು ಹೋಗಲಿ ಎಂದು ಅಪ್ಪ ನನ್ನನ್ನು ತಡವಾಗಿ ಶಾಲೆಗೆ ಹಾಕಿದ. ಅವನಿಗಾಗಿ ನಿಲ್ಲುವುದು ನನಗೆ ಅಂದಿನಿಂದ ರೂಢಿ. ಆದ್ದರಿಂದ ಮೇಲೆ ಹಾಕು ಎಂದು ಹೇಳಬೇಕೆಂದಿದ್ದೇನೆ. ಮೇಲೆ ಹಾಕಿದರೆ ಜನ ಸುಮ್ಮನಿರುತ್ತಾರೆಯೇ? "ಸಾಗರ ಬಂದಿಲ್ಲೇನು? ಎಲ್ಲಿ ಅದಾನ?" ಎಂದು ಒಬ್ಬೊಬ್ಬರೂ ಕೇಳುತ್ತಾರೆ. ಕೇಳಲಿ. ಕೆಳಗೆ ಹಾಕು ಎಂದು ನನ್ನ ಬಾಯಿಂದ ಹೇಳಿ, ಆಮೇಲೆ ಒಂದು ದಿನ ಅವನು ಬಸ್ಸಿನಿಂದ ಇಳಿದು ಬಂದರೆ?

ಅವ್ವನನ್ನು ಕೇಳುವ ಧೈರ್ಯವಿಲ್ಲ. ಅವಳು ಮಗಳ ಮನೆಯಲ್ಲಿ ಉಣ್ಣಬೇಕಾಯಿತಲ್ಲ ಎಂದು ಈಗಲೂ ತಾಟಿನ ಮುಂದೆ ಸಣ್ಣಗಾಗುತ್ತಾಳೆ. ಮಗ ಬರುತ್ತಾನೆ ಎಂಬುದೊಂದರ ಮೇಲೆಯೇ ಜೀವ ಹಿಡಿದಿದ್ದಾಳೆ. ಪ್ರತಿ ವರ್ಷ ದಸರೆಯ ಮಾನಮಿ ಹತ್ತಿರ ಬಂದಾಗ "ಸಾಗರಗ ಒಂದ ಅಂಗಿ ಹೊಲಿಯವಾ" ಎನ್ನುತ್ತಾಳೆ. ನಾನು ಹೊಲಿಯುವ ಗಂಡಸರ ಅಂಗಿ ಅದೊಂದೇ. ಅವನ ಹಳೆಯ ಅಳತೆ ನನ್ನಲ್ಲಿದೆ. ವಯಸ್ಸಾದಂತೆ ಮೈ ಬಂದಿರಬಹುದೆಂದು ಪ್ರತಿ ಸಲ ಅರ್ಧ ಇಂಚು ಸಡಿಲು ಬಿಡುತ್ತೇನೆ. ಹಬ್ಬಕ್ಕೆಂದು ಚಚಡಿಯ ದೊಡ್ಡಪ್ಪನ ಮನೆಗೆ ಹೋಗುವಾಗ ಅವ್ವ ಅದನ್ನು ಒಯ್ಯುತ್ತಾಳೆ. ಬಂದರೆ ಮೊದಲು ಅಲ್ಲಿಗೇ ಬರುತ್ತಾನಲ್ಲ, ಅಲ್ಲಿನ ಟ್ರಂಕಿನಲ್ಲಿ ಕೂಡಿಡುತ್ತಾಳೆ. ಅಂಥವಳ ಮುಂದೆ ಕೆಳಗಿನ ಸಾಲಿನ ಮಾತು ಹೇಗೆ ಎತ್ತಲಿ?

ನಾಳೆ ಬೆಳಿಗ್ಗೆ ಕಾಂತೇಶ ಇದನ್ನು ನಿನಗೆ ಮುಟ್ಟಿಸುತ್ತಾನೆ. ತಿರುಗಿ ಬರುವ ಬಸ್ಸಿನಲ್ಲಿ ಒಂದು ಮಾತು ಹೇಳಿ ಕಳಿಸು. ದವಾಖಾನೆಯಲ್ಲಿ ಇಂಥವನ್ನೆಲ್ಲ ನೋಡಿದವಳು ನೀನು. ನೀನು ಮೇಲೆ ಎಂದರೆ ನನಗೆ ಧೈರ್ಯ ಬರುತ್ತದೆ.

ನಿನ್ನ ಮಗಳ ಪರೀಕ್ಷೆ ಹಗುರವಾಗಲಿ, ನಿನ್ನ ಮೊಣಕಾಲು ನೋವು ಇಳಿಯಲಿ. ಇಪ್ಪತ್ತೈದಕ್ಕೆ ರಜೆ ಸಿಕ್ಕರೆ ಬಾ. ಬಂದರೆ ನನ್ನ ಪಕ್ಕದಲ್ಲೇ ಕೂರು, ಮೊದಲಿನ ಹಾಗೆ ಗೋಡೆಯ ಕಡೆ.

ನಿನ್ನ
ರೇಣು

ತಾ.ಕ.: ಇದನ್ನು ಮಡಿಚಿ ಮನೆಗೆ ಬಂದೆ. ಈಗ ದೀಪ ಹಚ್ಚುವ ಹೊತ್ತು. ಕವರಿನಿಂದ ಮತ್ತೆ ತೆಗೆದು ಬರೆಯುತ್ತಿದ್ದೇನೆ.

ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. "ನಿಜಗುಣಿ ಬಂದಿದ್ದ. ನೀ ಹೇಳೂದಿಲ್ಲ ಅನಿಸ್ತಂತ, ನನ್ನ ಕೇಳಿದ. ಕೆಳಗ ಹಾಕಪ್ಪಾ ಅಂದೆ" ಎಂದಳು.

ನಾನು ಹೊಸ್ತಿಲ ಹತ್ತಿರವೇ ಕೂತೆ. ಯಾಕ ಹಂಗಂದಿ ಎಂದೆ.

"ನೀ ಹೊಲಿದ ಅಂಗಿ ಎಲ್ಲಿ ಹೋಗ್ಯಾವಂತ ತಿಳದಿ?" ಎಂದಳು.

ಪ್ರಜ್ಞಾ, ನಿಮ್ಮ ಮನೆಯಲ್ಲಿ ಬುದ್ಧನ ಮುಂದೆ ಮೇಣದಬತ್ತಿ ಹಚ್ಚುತ್ತೀರಿ, ಇದು ಇಲ್ಲ. ನಮ್ಮಲ್ಲಿ ಮಾನಮಿ ಅಮಾವಾಸ್ಯೆಗೆ ತೀರಿಹೋದವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುತ್ತಾರೆ. ನಮ್ಮ ತವರಿನವರದು ಚಚಡಿಯ ದೊಡ್ಡಪ್ಪನ ಮನೆಯಲ್ಲಿ. ಕೊಟ್ಟ ಹೆಣ್ಣುಮಗಳು ನಾನು, ಆ ದಿನ ಗಂಡನ ಮನೆಯ ಹಿರಿಯರ ಎಡೆ ನೋಡಬೇಕು. ಹಾಗಾಗಿ ಚಚಡಿಯದನ್ನು ಒಮ್ಮೆಯೂ ನೋಡಿಲ್ಲ. ಅಪ್ಪ ತೀರಿಹೋದ ವರ್ಷದಿಂದಲೂ ಅವ್ವ ಅವನ ಧೋತ್ರದ ಪಕ್ಕದಲ್ಲಿ ನಾನು ಹೊಲಿದ ಅಂಗಿ ಇಡುತ್ತಾ ಬಂದಿದ್ದಾಳೆ. ಇಟ್ಟ ಮೇಲೆ ಸಾಗರನ ವಾರಿಗೆಯ ಯಾರಿಗಾದರೂ ತೊಡಿಸುತ್ತಾಳೆ. ಹೋದ ವರ್ಷದ್ದು ಕಾಂತೇಶನಿಗೆ. ಅವನು ಅದನ್ನು ಹಾಕಿಕೊಂಡು ಒಮ್ಮೆಯೂ ಯರಗಟ್ಟಿಗೆ ಬಂದಿಲ್ಲ.

"ನನಗ್ಯಾಕ ಹೇಳ್ಲಿಲ್ಲಬೇ?"

"ನೀ ಅರ್ಧ ಇಂಚ ಸಡಲ ಬಿಟಗೋತ ಹೊಲೀತಿದ್ದಿ. ಹೆಂಗ ಹೇಳ್ಲಿ?" ಅವ್ವ ಶೇಂಗಾದ ಸಿಪ್ಪೆ ಉಡಿಯಿಂದ ಝಾಡಿಸಿದಳು. "ಅಂವ ಇನ್ನೂ ಎಲ್ಲೋ ಅದಾನು ಅಂದ್ರ, ಇಷ್ಟ ವರ್ಷ ನಿನ್ನ ಮರತ ಕುಂತಾನು ಅಂದಂಗಾತು. ನನ್ನ ಮರೀಲಿ, ನಡೀತೈತಿ. ನಿನ್ನ ಮರಿಯುವ ಹುಡುಗ ಅಲ್ಲವಾ ಅಂವ. ಅದಕ್ಕ ಕೆಳಗ ಹಾಕು ಅಂದೆ."

ತಿರುಗಿ ಬರುವ ಬಸ್ಸಿನಲ್ಲಿ ಹೇಳಿ ಕಳಿಸು ಎಂದಿದ್ದೆನಲ್ಲ, ಅದು ಈಗ ಬೇಡ. ನಾಳೆ ಮೂರು ಗಂಟೆಗೆ ನಿಜಗುಣಪ್ಪ ಬರುತ್ತಾನೆ. ಫೋಟೋ ಅವ್ವನೇ ಕೊಡುತ್ತಾಳೆ.