ಮಾತಿನ ನಡುವೆ ಉಬ್ಬರದ ಗಂಟೆ

ಅಘನಾಶಿನಿ ಅಳಿವೆ
೩೦ ಫೆಬ್ರುವರಿ ೨೧೬೪

ಹಿಂದಿನ ಕಾಲದಲ್ಲಿ ಫೋನಿನ ಆ್ಯಪ್ ಬರೆಯುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ, ನಮ್ಮ ಫೆಬ್ರುವರಿಗೆ ಈಗ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾವು ಫೋನನ್ನು ಓಲೆಯಂತೆ ಕಿವಿಗೆ ಹಾಕಿಕೊಳ್ಳುತ್ತೇವೆ. ಅದಕ್ಕೆ ಕಿವಿಮಣಿ ಎಂದು ಹೆಸರು. ಅದರಲ್ಲಿರುವ ಉಬ್ಬರಗಂಟೆ ಎಂಬ ಆ್ಯಪ್ ಸಮುದ್ರದ ನೀರು ಏರುವ ಮೊದಲು ಅಲಾರಂ ಹೊಡೆಯುತ್ತದೆ. ಅಳಿವೆಯ ಮರಳುದಿಬ್ಬದಲ್ಲಿ ಬಳಚು, ಅಂದರೆ ಚಿಪ್ಪುಮೀನು, ಆರಿಸುವವರೆಲ್ಲ ಅದನ್ನೇ ನಂಬುತ್ತಾರೆ.

ನನ್ನ ಅಮ್ಮ ಗುಲಾಬಿಯೂ ನಂಬಿದ್ದಳು. ಒಂದು ಬೆಳಿಗ್ಗೆ ಅವಳು ದಿಬ್ಬದ ಮೇಲಿದ್ದಾಗ ಭಟ್ಕಳದಿಂದ ಅವಳ ಅಕ್ಕ ನೇತ್ರಾವತಿಯ ಕರೆ ಬಂತು. ಅಜ್ಜಿ ತೀರಿಕೊಂಡಾಗ ಆದ ಜಗಳದಿಂದ ಇಬ್ಬರಿಗೂ ಮಾತಿರಲಿಲ್ಲ. ಅಷ್ಟು ವರ್ಷಗಳ ಮೇಲೆ ಅಕ್ಕ ತಾನಾಗಿ ಮಾತಾಡಿಸಿದಳೆಂದು ಅಮ್ಮ ಅತ್ತಳಂತೆ, ಆಮೇಲೆ ಮತ್ತೆ ಜಗಳವಾಡಿದಳಂತೆ. ನೀರು ತಿರುಗುವ ಹೊತ್ತಾಯಿತು. ಅಲಾರಂ ಹೊಡೆಯಲಿಲ್ಲ. ಕರೆಯಲ್ಲಿರುವಾಗ ಅದು ಸುಮ್ಮನಿರುವಂತೆ ಆ್ಯಪ್ ಮಾಡಿದವರು ಬರೆದಿದ್ದರು.

ಸದ್ದು ಮೊದಲು ಕೇಳಿದ್ದು ದೊಡ್ಡಮ್ಮನಿಗೆ.

"ಗುಲಾಬಿ, ನಿನ್ನ ಹಿಂದೆ ಅದೆಂತ ಸದ್ದು? ನೀರಲ್ಲವಾ?"

ಅಮ್ಮ ತಿರುಗಿ ನೋಡಿದಳು. ದಡಕ್ಕೂ ದಿಬ್ಬಕ್ಕೂ ನಡುವೆ ಆಗಲೇ ನೀರು ಹರಿಯುತ್ತಿತ್ತು. ಚೀಲ ಬಿಟ್ಟು ನಡೆ, ಮಾತು ನಿಲ್ಲಿಸಬೇಡ ಎಂದು ದೊಡ್ಡಮ್ಮ ಹೇಳುತ್ತಲೇ ಇದ್ದಳು. ಅತ್ತ ತನ್ನ ಮನೆಯವರಿಂದ ನಮ್ಮೂರ ದೋಣಿಯವರಿಗೆ ಸುದ್ದಿ ಮುಟ್ಟಿಸಿದಳು. ದೋಣಿ ಬರುವಾಗ ನೀರು ಅಮ್ಮನ ಕುತ್ತಿಗೆಯವರೆಗೆ ಬಂದಿತ್ತು.

ಚೇತರಿಸಿಕೊಂಡ ಮೇಲೆ ಅಕ್ಕತಂಗಿಯರು ಒಟ್ಟಿಗೆ ಕುಮಟೆಗೆ ಹೋಗಿ ಆ್ಯಪ್ ಮಾಡಿದ ಪ್ರಸನ್ನನನ್ನು ಕಂಡರು. ಅವನು ಕೆಟ್ಟವನಲ್ಲ. ಮಾತಿನ ಮಧ್ಯೆ ಕಿವಿಯಲ್ಲಿ ಗಂಟೆ ಕಿರುಚುತ್ತದೆಂದು ಜನ ಬೈದಿದ್ದರು, ಹಾಗಾಗಿ ಕರೆಯಲ್ಲಿ ಅದರ ಬಾಯಿ ಮುಚ್ಚಿಸಿದೆ ಎಂದ.

"ಮಾತು ನಿಂತರೆ ನಾಳೆ ಆಡುತ್ತೇವೆ ತಮ್ಮಾ," ಎಂದಳು ದೊಡ್ಡಮ್ಮ. "ಇವಳು ಹೋಗಿದ್ದರೆ ನಾನು ಯಾರ ಹತ್ತಿರ ಆಡಲಿ?"

ಆಮೇಲೆ ಪ್ರಸನ್ನ ಮಾಡಿದ ಬದಲಾವಣೆಯನ್ನೇ ಇಂದು ಆ ಆ್ಯಪ್ ಕೆಲಸದಲ್ಲಿರುವ ನಾನು ನೋಡಿಕೊಳ್ಳುತ್ತಿದ್ದೇನೆ: ಕರೆಯಲ್ಲಿದ್ದರೆ ಗಂಟೆ ಕಿರುಚುವುದಿಲ್ಲ, ಮಾತಿನ ಅಡಿಯಲ್ಲಿ ಮೆಲ್ಲಗೆ ಬಡಿಯುತ್ತದೆ, ಅದೂ ಇಬ್ಬರ ಕಿವಿಯಲ್ಲಿ. ಒಬ್ಬರು ಮೈಮರೆತರೂ ಇನ್ನೊಬ್ಬರು ಎಚ್ಚರಿಸುತ್ತಾರೆ.

ನೀವು ಬರೆಯುವ ಅಲಾರಂ ಮಾತ್ರೆಗೋ ಮಗುವಿನ ಹಾಲಿಗೋ ಇರಬಹುದು. ಕರೆ ಬಂದಾಗ ಅದರ ದನಿ ತಗ್ಗಿಸಿ. ದಯವಿಟ್ಟು ಪೂರ್ತಿ ನಿಲ್ಲಿಸಬೇಡಿ.

ನಿಮ್ಮ ಮುಂದಿನ ಕಾಲದವಳು,
ಶರಾವತಿ ಗುಲಾಬಿ ಹರಿಕಂತ್ರ