ಅಪ್ಪನ ಕೈಗೆ ಬಂದ ಶಕ್ತಿ

ನವೆಂಬರ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನೀನು, ಭಾವ, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕುಳಿತಿದ್ದಕ್ಕೆ ಮೊದಲು ನನ್ನನ್ನು ಬೈದುಬಿಡು, ಆಮೇಲೆ ಓದು. ಬರೆಯಲು ಕೂತರೆ ಮೊದಲ ಸಾಲೇ ಸುಳ್ಳಾಗುತ್ತಿತ್ತು. 'ಇಲ್ಲಿ ಎಲ್ಲರೂ ಕ್ಷೇಮ' ಎಂದು ಬರೆಯುವುದು, ಹರಿದು ಹಾಕುವುದು, ಇದೇ ಆಯಿತು.

ಪುಟ್ಟಿಗೆ ಹಲ್ಲು ಬಂತೆಂದು ಓದಿ ಹೇಳಿದಾಗ ಅಪ್ಪ ನಕ್ಕರು. "ಮೊದಲು ಅವರಪ್ಪನ್ನೇ ಕಚ್ಚಲಿ" ಎಂದರು. ಆಮೇಲೆ ಅವರು ನಕ್ಕಿದ್ದನ್ನು ನಾನು ನೋಡಿಲ್ಲ.

ಅಕ್ಕ, ಅಪ್ಪನ ಬಲಗೈ ನಡುಗುತ್ತಿದೆ. ನೀನು ಬಂದು ಹೋದ ಮೇಲೆ ಶುರುವಾದದ್ದು. ವಿಚಿತ್ರವೆಂದರೆ ಮೊದಮೊದಲು ಕೆಲಸ ಮಾಡುವಾಗ ನಡುಗುತ್ತಿರಲಿಲ್ಲ. ಗಾಜಿನ ಮೇಲೆ ಅಳತೆಪಟ್ಟಿ ಇಟ್ಟು ಎಳೆದರೆ ಮೊದಲಿನ ಹಾಗೆಯೇ ಒಂದೇ ಗೀರು, ಟಕ್ಕೆಂದು ಎರಡು ಹೋಳು. ಕೆಲಸ ಮುಗಿಸಿ ಕೈಯನ್ನು ತೊಡೆಯ ಮೇಲೆ ಬಿಟ್ಟಾಗ ಮಾತ್ರ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಾ ಕುಣಿಯುತ್ತಿತ್ತು. "ಸುಮ್ನೆ ಕೂತ್ರೆ ಕೈಗೂ ಬೇಜಾರು ಕಣೆ" ಎನ್ನುತ್ತಿದ್ದರು.

ನಮ್ಮ ಫ್ರೇಮಿನ ಅಂಗಡಿಯ ಪಕ್ಕದ ದರ್ಜಿ ಚಿಗಾಂಗ್ ಕಲಿಯಲು ಹೇಳಿದ. ಮೆಲ್ಲಗೆ ಉಸಿರಾಡುತ್ತಾ ಮೈಯೊಳಗಿನ ಶಕ್ತಿಯನ್ನು ಹರಿಯಬಿಡುವ ಚೀನೀ ಅಭ್ಯಾಸವಂತೆ ಅದು. ಉದ್ಯಾನದಲ್ಲಿ ಒಬ್ಬರು ವಯಸ್ಸಾದ ಹೆಂಗಸು ಹೇಳಿಕೊಡುತ್ತಾರೆ. ಮೊದಲು ನರ್ಸ್ ಆಗಿದ್ದವರು. ಮೊಣಕಾಲು ತುಸು ಬಗ್ಗಿಸಿ, ಮರವನ್ನು ತಬ್ಬಿದ ಹಾಗೆ ತೋಳು ಹಿಡಿದು ನಿಲ್ಲಬೇಕು. ಅವರ ಪಾಠ ಅಷ್ಟೇ. ಅದಕ್ಕೇ ಎಲ್ಲರೂ ಅವರನ್ನು ಕಂಬದಮ್ಮ ಎನ್ನುತ್ತಾರೆ. "ಬಸ್ಸಿಗೆ ಕಾಯೋದು ಕಲಿಯೋಕೂ ಗುರು ಬೇಕಾ?" ಎಂದು ಅಪ್ಪ ಗೊಣಗುತ್ತಿದ್ದರು, ಆದರೂ ನನ್ನನ್ನು ಕರೆದುಕೊಂಡು ದಿನಾ ಹೋಗುತ್ತಿದ್ದರು.

ಒಂದು ದಿನ ನನ್ನ ಅಂಗೈಗಳ ನಡುವೆ ಏನೋ ಬಂದು ನಿಂತಿತು. ಬೆಚ್ಚಗೆ, ಮೆತ್ತಗೆ, ಮಲಗಿದ ಮಗುವಿನ ತಲೆಯ ಹಾಗೆ. ನನಗೆ ಅಳು ಬಂತು. ಕಂಬದಮ್ಮ ನೋಡಿ, "ಬಂತಾ? ಬರಲಿ. ಹಿಡ್ಕೊಳ್ಳೋಕೆ ಹೋಗ್ಬೇಡ, ಹೋದ್ರೆ ಹುಡುಕ್ಬೇಡ" ಎಂದು ಮುಂದೆ ನಡೆದರು. ನಾನು ಯಾರಿಗೂ ಹೇಳಲಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ಅದೇ ವಾರ ಎಲ್ಲರೂ ಕೈ ಇಳಿಬಿಟ್ಟು ನಿಂತಿದ್ದಾಗ ಅವರು ಅಪ್ಪನ ಕೈ ನೋಡಿದರು. "ಅಣ್ಣಾ, ಇದು ಶಕ್ತಿ ಅಲ್ಲ, ಕಾಯಿಲೆ. ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ. ನಿಲ್ಲೋದು ಆಮೇಲೂ ಕಲೀಬಹುದು" ಎಂದರು. ಎಲ್ಲರ ಎದುರಿಗೆ ಹೇಳಿಬಿಟ್ಟರು. ಅಪ್ಪನ ಮುಖ ಕಪ್ಪಿಟ್ಟಿತು. "ನನ್ನ ಕೈಯಲ್ಲಿ ಗಾಜು ಕೂದಲೆಳೆ ತಪ್ಪಲ್ಲ, ನನಗೆ ಕಾಯಿಲೆ ಅಂತಾಳೆ!" ಎಂದವರು ಮತ್ತೆ ಆ ಕಡೆ ಹೋಗಲಿಲ್ಲ.

ಹೋದದ್ದು ಅದನ್ನೇ ಬೇರೆ ಥರ ಕಲಿಸುವ ಗಂಟೆ ಮೇಷ್ಟ್ರ ಹತ್ತಿರ. ಮೋಟಾರು ಗ್ಯಾರೇಜಿನ ಮಹಡಿಯಲ್ಲಿ ಅವರ ಕೋಣೆ. ಅವರು ಸಣ್ಣ ಗಂಟೆ ಬಾರಿಸುತ್ತಾರೆ, ಎಲ್ಲರೂ ಕಣ್ಣು ಮುಚ್ಚಿ ಕೈ ಇಳಿಬಿಟ್ಟು ನಿಲ್ಲುತ್ತಾರೆ. ಶಕ್ತಿ ಬಂದರೆ ಮೈ ತಾನಾಗಿ ಆಡುತ್ತದಂತೆ. ತಿಂಗಳುಗಟ್ಟಲೆ ನಿಂತವರು ಅಷ್ಟಿಷ್ಟು ತೂಗಾಡುತ್ತಿದ್ದರೆ, ಅಪ್ಪನ ಕೈ ಗಂಟೆ ಹೊಡೆಯುವ ಮುಂಚೆಯೇ ಕುಣಿಯಿತು. "ನೋಡಿ! ಇವರನ್ನ ನೋಡಿ ಕಲೀರಿ!" ಎಂದು ಮೇಷ್ಟ್ರು ಅವರನ್ನು ಮುಂದಿನ ಸಾಲಿಗೆ ಕರೆದರು. ಜನ ಬಂದು ಆ ಕೈ ಮುಟ್ಟಿದರು. ಮನೆಗೆ ಬರುವಾಗ ಅಪ್ಪ ಮದುಮಗನ ಹಾಗೆ ನಡೆಯುತ್ತಿದ್ದರು. ಎಲ್ಲರೂ ಕನಿಕರದಿಂದ ನೋಡುತ್ತಿದ್ದ ಕೈಯನ್ನು ಒಬ್ಬರು ವರ ಎಂದರೆ, ನಾನಾಗಿದ್ದರೂ ಅವರ ಹಿಂದೆಯೇ ಹೋಗುತ್ತಿದ್ದೆ.

ನಾನು ಬೆಳಿಗ್ಗೆ ಕಂಬದಮ್ಮನ ಹತ್ತಿರ ಹೋಗುವುದನ್ನು ಮುಂದುವರಿಸಿದೆ. ಅಪ್ಪ ಸಂಜೆ ಮೇಷ್ಟ್ರ ಹತ್ತಿರ.

ಮುಗಿಸುವ ಗಂಟೆ ಬಾರಿಸಿದಾಗ ಎಲ್ಲರೂ ಅಲ್ಲಾಡುವುದನ್ನು ನಿಲ್ಲಿಸಬೇಕು. ಅಪ್ಪನ ಕೈ ನಿಲ್ಲುತ್ತಿರಲಿಲ್ಲ. ಮೊದಲು ಅದನ್ನೂ ಮೇಷ್ಟ್ರು ಹೊಗಳಿದರು, ಕೊಡ ತುಂಬಿದ ಮೇಲೆ ಚೆಲ್ಲದಿರುತ್ತದೆಯೇ ಎಂದರು. ಆಮೇಲೆ ಕಾಲೂ ಎಳೆಯತೊಡಗಿತು. ಕೆಲಸದಲ್ಲೂ ಗೀರು ಓರೆಯಾಗಿ ಗಾಜು ಒಡೆಯತೊಡಗಿತು. ಗಾಜು ಕಳಪೆ ಎಂದು ಅಪ್ಪ, ಹೌದೆಂದು ನಾನು. ಕೋಣೆಯಲ್ಲಿ ಹೊಸಬನೊಬ್ಬ, "ಮೇಷ್ಟ್ರೇ, ಬಂದಿದ್ದು ಹೀಗೆ ಹೋಗದೇ ಇದ್ರೆ ಏನ್ ಗತಿ?" ಎಂದು ಕೇಳಿದನಂತೆ. ಮರುದಿನವೇ ಅಪ್ಪನನ್ನು ಹಿಂದಿನ ಸಾಲಿಗೆ ಹಾಕಿದರು. "ತೆರೆಯೋಕೆ ಬಂದ್ರೆ ಸಾಲದು, ಮುಚ್ಚೋಕೂ ಬರ್ಬೇಕು. ನಿಮ್ಮಲ್ಲಿ ಏನೋ ಕೊಳೆ ಸೇರಿದೆ" ಎಂದರು.

ಅದನ್ನೂ ಅಪ್ಪ ನಂಬಿದರು. ಉಪವಾಸ ಮಾಡುತ್ತಾರೆ. ತಣ್ಣೀರು ಸುರಿದುಕೊಳ್ಳುತ್ತಾರೆ. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದು "ಸಾಕು, ಸಾಕು" ಎಂದು ಮಗುವಿಗೆ ಹೇಳಿದ ಹಾಗೆ ಹೇಳುತ್ತಾರೆ.

ಕಂಬದಮ್ಮ ತಾವಾಗಿ ಅಂಗಡಿಗೆ ಬಂದರು. "ಅಣ್ಣಾ, ಇದಕ್ಕೆ ಮಾತ್ರೆ ಇದೆ. ಪೂರ್ತಿ ವಾಸಿ ಆಗಲ್ಲ, ಸುಳ್ಳು ಹೇಳಲ್ಲ. ಆದ್ರೆ ಕೆಲಸಕ್ಕೆ ಕೈ ಇನ್ನಷ್ಟು ವರ್ಷ ಸಿಗುತ್ತೆ. ಏಳಿ, ನಾನೇ ಕರ್ಕೊಂಡು ಹೋಗ್ತೀನಿ" ಎಂದರು. ಅಪ್ಪ ತಲೆ ಎತ್ತದೆ ಗಾಜು ಒರೆಸುತ್ತಲೇ ಇದ್ದರು. "ಗಾಜಿಗೆ ಉಸಿರು ತಾಗುತ್ತೆ, ದೂರ ನಿಲ್ಲಮ್ಮ" ಎಂದರು. ಅಷ್ಟೇ. ಅವರು ಹೋದರು. ಅಮ್ಮ ಇದ್ದಿದ್ದರೆ ಕಿವಿ ಹಿಡಿದು ಎಬ್ಬಿಸುತ್ತಿದ್ದಳೋ ಏನೋ. ನಾನು ಒಡೆದ ಗಾಜಿನ ಚೂರು ಗುಡಿಸುತ್ತಾ ಕೂತೆ.

ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು ಕೊಡು. ಅವಳ ಕೈಕಾಲು ಗಟ್ಟಿಯಾಗಲಿ, ನೂರು ಕಾಲ ಬಾಳಲಿ. ಭಾವನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ತಂಗಿ

ಮಡಿಸಿದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ. ಕೊಳೆ ಯಾವುದೆಂದು ಅಪ್ಪ ಮೇಷ್ಟ್ರನ್ನು ಕೇಳಿದ್ದರು. ಒಂದೇ ಸೂರಿನಡಿ ಇಬ್ಬರು ಗುರುಗಳ ಶಕ್ತಿ ಸೇರಿದರೆ ಹೀಗಾಗುತ್ತದೆ ಎಂದರಂತೆ. ಕಂಬದಮ್ಮನ ಹತ್ತಿರ ಹೋಗುವುದನ್ನು ನಾನು ಆವತ್ತೇ ಬಿಟ್ಟೆ. ಕೈ ನಿಲ್ಲಲಿಲ್ಲ. ಆ ಶಕ್ತಿ ಇನ್ನೂ ನನ್ನ ಮೈಯಲ್ಲೇ ಇದೆಯಂತೆ. ಈಗ ಅಪ್ಪ ನಾನು ಬಡಿಸಿದ್ದನ್ನು ಉಣ್ಣುವುದಿಲ್ಲ. ಅಂಗಿಯ ಗುಂಡಿ ಹಾಕಲು ಹೋದರೆ ಹಿಂದೆ ಸರಿಯುತ್ತಾರೆ, ಎದೆ ತೆರೆದುಕೊಂಡೇ ಅಂಗಡಿಯಲ್ಲಿ ಕೂರುತ್ತಾರೆ. ನಿನ್ನೆ ಬೈಯದೆ, ಮೆಲ್ಲಗೆ ಹೇಳಿದರು: "ನೀನು ಅಕ್ಕನ ಮನೆಗೆ ಹೋಗ್ಬಿಡು ಮಗಾ. ನಿನ್ನ ತಪ್ಪಲ್ಲ. ನೀನು ಹೋದ್ರೆ ನನ್ನ ಕೈ ನಿಲ್ಲುತ್ತೆ."

ಹೂಂ ಎಂದೆ. ಗುರುವಾರ ಹೊರಡುತ್ತೇನೆ. ಅಲ್ಲಿ ಒಂದು ಮೂಲೆ ಕೊಟ್ಟರೆ ಸಾಕು. ಕೈ ನಿಲ್ಲುವುದಿಲ್ಲ ಅಕ್ಕ. ಆಗ ದೂರುವುದಕ್ಕೆ ಈ ಮನೆಯಲ್ಲಿ ಅಪ್ಪನಿಗೆ ತಮ್ಮನ್ನು ಬಿಟ್ಟರೆ ಬೇರೆ ಯಾರೂ ಉಳಿದಿರುವುದಿಲ್ಲ.